ಹೊರಗಿಟ್ಟ ಊಟ

ತಕ್ಕಡಿಯ ಮೇಲೆ ಫೆರೆಟ್ ಸುಮ್ಮನೆ ಮಲಗಿದರೆ ಅದಕ್ಕೆ ಹುಷಾರಿಲ್ಲವೆಂದೇ ತಿಳಿಯಬೇಕು. ಆರೋಗ್ಯವಾಗಿರುವ ಫೆರೆಟ್‌ನ ತೂಕ ಹಿಡಿಯುವುದು ಸಲೀಸಾದ ಕೆಲಸವಲ್ಲ. ಮುಂಗುಸಿಯಂಥ ಉದ್ದ ಮೈಯ ಈ ಸಾಕುಪ್ರಾಣಿ ಅಂಚಿನಿಂದ ಜಾರುತ್ತದೆ, ತಕ್ಕಡಿಯ ವಯರು ಕಚ್ಚುತ್ತದೆ, ತೂಗುವವರ ತೋಳಿನೊಳಗೆ ನುಗ್ಗಲು ನೋಡುತ್ತದೆ. ಆಗಸ್ಟ್ ತಿಂಗಳ ಆ ಬೆಳಿಗ್ಗೆ ಟೆಕ್ಸಸ್ ರಾಜ್ಯದ ಲೂಯಿಸ್‌ವಿಲ್‌ನ ನಮ್ಮ ಕ್ಲಿನಿಕ್ಕಿಗೆ ಬಂದ ಕಂದುಬಣ್ಣದ ಹೆಣ್ಣು ಫೆರೆಟ್ ಇಟ್ಟಲ್ಲಿಯೇ ಒರಗಿತು. ಹಿಂಗತ್ತಿನ ಸಡಿಲ ಚರ್ಮ ಹಿಡಿದು ಎತ್ತಿದರೆ ಈ ಪ್ರಾಣಿ ಬಾಯಿ ತುಂಬ ಆಕಳಿಸುವುದು ವಾಡಿಕೆ. ಹಲ್ಲು, ಒಸಡು ನೋಡಲು ನಮಗೆ ಅದೇ ಅನುಕೂಲ. ಇದು ಆಕಳಿಸಲೂ ಇಲ್ಲ. ನಾನು ಬೆರಳಿನಿಂದ ತುಟಿ ಸರಿಸಿ ನೋಡಬೇಕಾಯಿತು. ಒಸಡು ಬಿಳಿಚಿಕೊಂಡು ಅಂಟಂಟಾಗಿತ್ತು.

ನಮ್ಮದು ನಾಯಿ, ಬೆಕ್ಕುಗಳನ್ನು ಬಿಟ್ಟು ಮೊಲ, ಗಿಳಿ, ಫೆರೆಟ್‌ನಂಥ ಸಾಕುಪ್ರಾಣಿಗಳನ್ನು ನೋಡುವ ಕ್ಲಿನಿಕ್ಕು. ಊರಿನಲ್ಲಿ ಪಶುವೈದ್ಯ ಪದವಿ ಪಡೆದಿದ್ದರೂ ಇಲ್ಲಿನ ಪರೀಕ್ಷೆ ಮುಗಿಯುವವರೆಗೆ ನಾನು ಸಹಾಯಕಿ ಮಾತ್ರ. ನಮ್ಮ ಮನೆಯಲ್ಲಿ ಪದವಿ ಎಂಬುದನ್ನು ಕಂಡವಳು ನಾನೇ ಮೊದಲು. ಆ ಕಾರಣಕ್ಕೋ ಏನೋ, ಬಾಯಿ ತೆರೆಯುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ತಿದ್ದಿಕೊಳ್ಳುವ ಅಭ್ಯಾಸ ನನಗಿದೆ.

ಫೆರೆಟ್ಟನ್ನು ತಂದವರು ಹತ್ತಿರದ ಮೆಕಿನ್ನಿ ಊರಿನಲ್ಲಿ ನೆಲೆಸಿದ್ದ ಹುಬ್ಬಳ್ಳಿಯ ಕಡೆಯ ಒಂದು ಕುಟುಂಬ: ಸ್ವಂತ ವ್ಯಾಪಾರವಿದ್ದ ತಂದೆ, ತಾಯಿ, ಆರನೆಯ ತರಗತಿಯ ಮಗಳು. ಬೇಸಿಗೆ ರಜೆ ಶುರುವಾದಾಗ ಮಗಳ ಹಟಕ್ಕೆ ಮರಿಯನ್ನು ಕೊಂಡಿದ್ದರು. ಹೆಸರು ಕೇಳಿದಾಗ ಮಗಳು "ಬೆಲ್ಲಾ" ಎಂದಳು.

"ಬೆಲ್ಲ ರಿ," ಎಂದು ತಾಯಿ ಗಂಡನ ಕಡೆ ತಿರುಗಿ ತಿದ್ದಿದರು. "ಬಣ್ಣ ನೋಡ್ರಿ ಅದರದು, ಥೇಟ್ ಬೆಲ್ಲದ ಅಚ್ಚು."

"ಅಮ್ಮಾ, ನೋ! ಇಟ್ಸ್ ಇಟಾಲಿಯನ್."

"ಇಟಲಿ ಮಟಾ ನಮ್ಮ ಬೆಲ್ಲ ಹೋಗ್ಯದಂದ್ರ ಚಲೋನ ಆತಲ್ಲ ಮತ್ತ."

ತಾಯಿಯ ಈ ಮಾತೆಲ್ಲ ಕನ್ನಡದಲ್ಲಿಯೇ ನಡೆಯಿತು. ನನಗೆ ತಿಳಿಯುತ್ತದೆಂದು ಅವರಿಗೆ ತಿಳಿದಿರಲಿಲ್ಲ. ನಾನೂ ಹೇಳಿಕೊಳ್ಳಲಿಲ್ಲ. ಮುಖ್ಯ ವೈದ್ಯೆ ಕೋಣೆಗೆ ಬಂದ ಮೇಲೆ ನನ್ನ ಕೆಲಸ ಪ್ರಾಣಿಯನ್ನು ಹಿಡಿದುಕೊಳ್ಳುವುದು, ಮಾತನಾಡುವುದಲ್ಲ.

ವೈದ್ಯೆಯ ಪ್ರಶ್ನೆಗಳಿಗೆಲ್ಲ ತಂದೆಯೇ ನಿರರ್ಗಳವಾದ ಇಂಗ್ಲಿಷಿನಲ್ಲಿ ಉತ್ತರಿಸಿದರು. ಅಂಗಡಿಯವರು ಹೇಳಿದ, ಕಾಳಿನಂಥ ಒಣ ಫೆರೆಟ್ ಆಹಾರವನ್ನೇ ಕೊಡುತ್ತಿದ್ದೇವೆ, ದೊಡ್ಡ ಚೀಲ ಕೊಂಡಿದ್ದೇವೆ, ಬಟ್ಟಲು ಯಾವಾಗಲೂ ತುಂಬಿರುತ್ತದೆ. ಮೊದಲೆಲ್ಲ ಚೆನ್ನಾಗಿ ತಿನ್ನುತ್ತಿತ್ತು. ಬರಬರುತ್ತಾ ಕಡಿಮೆಯಾಗಿ ಈಗ ಮೂಸಿ ನೋಡಿ ಹಿಂದೆ ಸರಿಯುತ್ತದೆ. ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ. ಮಲ ಹಸಿರಾಗಿ ಲೋಳೆಯಾಗಿದೆ.

ಮನೆಯಲ್ಲಿ ರಬ್ಬರಿನ ವಸ್ತು ಏನಾದರೂ ಕಾಣೆಯಾಗಿದೆಯೇ ಎಂದು ವೈದ್ಯೆ ಕೇಳಿದರು. ತಂದೆ ತುಸು ಯೋಚಿಸಿ, ತಮ್ಮ ಇಯರ್‌ಫೋನಿನ ತುದಿಗೆ ಹಾಕುವ ಮೆತ್ತನೆಯ ಟೊಪ್ಪಿಯೊಂದು ಸಿಗುತ್ತಿಲ್ಲವೆಂದರು. ವೈದ್ಯೆಯ ಮುಖ ಬಿಗಿಯಾಯಿತು. ಫೆರೆಟ್‌ಗಳಿಗೆ ರಬ್ಬರು ಅಗಿಯುವ ಚಪಲ ವಿಪರೀತ. ನುಂಗಿದ ಚೂರು ಕರುಳಿಗೆ ಅಡ್ಡವಾದರೆ ಉಳಿಯುವ ದಾರಿ ಆಪರೇಷನ್ ಒಂದೇ.

ಎಕ್ಸ್‌ರೇ ತೆಗೆದೆವು. ಹೊಟ್ಟೆಯ ತುಂಬ ಗಾಳಿ ಇತ್ತು. ರಬ್ಬರು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣದು. ಆದ್ದರಿಂದ ಕಾಣದಿದ್ದುದು ಇಲ್ಲವೆಂಬುದಕ್ಕೆ ಸಾಕ್ಷಿಯಾಗಲಿಲ್ಲ. ರಕ್ತದ ಒಂದು ಹನಿ ಪರೀಕ್ಷಿಸಿದರೆ ಸಕ್ಕರೆಯ ಅಂಶ ತೀರ ಕೆಳಗಿಳಿದಿತ್ತು. ಫೆರೆಟ್‌ನ ಕರುಳು ಬಹಳ ಗಿಡ್ಡ. ತಿಂದದ್ದು ಕೆಲವೇ ಗಂಟೆಗಳಲ್ಲಿ ಹಾದುಹೋಗುತ್ತದೆ. ಹಾಗಾಗಿ ಉಪವಾಸ ಅದಕ್ಕೆ ನಮ್ಮಂತೆ ವ್ರತವಲ್ಲ, ಅಪಾಯ. ವೈದ್ಯೆ ತಮ್ಮ ತೀರ್ಮಾನವನ್ನು ಸ್ಪಷ್ಟವಾಗಿ ಹೇಳಿದರು. ರಕ್ತನಾಳದ ಮೂಲಕ ಸಕ್ಕರೆಯ ದ್ರವ, ವಾಕರಿಕೆಗೆ ಔಷಧ. ಮಧ್ಯಾಹ್ನ ಮತ್ತೊಂದು ಎಕ್ಸ್‌ರೇ. ಗಾಳಿ ಸರಿಯದಿದ್ದರೆ ಸಂಜೆ ಹೊಟ್ಟೆ ತೆರೆದು ನೋಡುವುದು. ಇಷ್ಟು ಸೊರಗಿದ ಜೀವ ಅರಿವಳಿಕೆಯಿಂದ ಎಚ್ಚರಗೊಳ್ಳುತ್ತದೆಂಬ ಭರವಸೆಯನ್ನು ಅವರು ಕೊಡಲಿಲ್ಲ. ತಂದೆ ಅದನ್ನು ಹೆಂಡತಿಗೆ ಕನ್ನಡದಲ್ಲಿ ಹೇಳುವಾಗ ಆ ಕೊನೆಯ ವಾಕ್ಯವನ್ನು ಬಿಟ್ಟು ಹೇಳಿದರು. ಮಗಳಿಗೆ ಇಂಗ್ಲಿಷ್ ಬರುತ್ತಿದ್ದುದರಿಂದ ಆ ಮುಚ್ಚುಮರೆಗೆ ಅರ್ಥವಿರಲಿಲ್ಲ. ಅವಳು ಆಗಲೇ ಅಳುತ್ತಿದ್ದಳು.

ವೈದ್ಯೆ ಮುಂದಿನ ಕೋಣೆಗೆ ಹೋದರು. ತಂದೆ ಫೋನು ಬಂತೆಂದು ಹೊರಗೆ ನಡೆದರು. ಮುಂಗಾಲಿಗೆ ಸೂಜಿ ಹಾಕುವಾಗ ಬೆಲ್ಲ ಸಣ್ಣಗೆ ಕುಂಯ್‌ಗುಟ್ಟಿತು. ನನಗೆ ಅರಿವಿಲ್ಲದೆಯೇ "ಆಯ್ತು ಆಯ್ತು ಕಣಮ್ಮ, ಇಷ್ಟೇ, ಮುಗೀತು" ಎಂದುಬಿಟ್ಟೆ.

ತಾಯಿ ತಟ್ಟನೆ ತಲೆಯೆತ್ತಿದರು. "ಕನ್ನಡದವರೇನ್ರಿ ನೀವು?"

"ಹೌದು ಆಂಟಿ. ತುಮಕೂರು ಕಡೆ."

"ಇಷ್ಟೊತ್ತು ಸುಮ್ಮನ ನಿಂತಿದ್ರಲ್ರಿ ಡಾಕ್ಟರ್!"

"ನಾನಿನ್ನೂ ಡಾಕ್ಟರ್ ಅಲ್ಲ ಆಂಟಿ, ಇಲ್ಲಿ ಅಸಿಸ್ಟೆಂಟು. ಹಾಗೆ ಕರೀಬಾರದು."

"ಆತ್ರಿ ಮೇಡಮ್ಮು. ಹೊಟ್ಟಿ ಕೊಯ್ಯೂದು ಖರೇನೇನು? ಪಾಪ, ಅಂಗೈ ಅಗಲ ಹೊಟ್ಟಿ ಅದ ಅದರದು."

ನಾನು ಸೂಜಿಯ ಮೇಲೆ ಪಟ್ಟಿ ಅಂಟಿಸಿದೆ. ವೈದ್ಯೆ ಒಮ್ಮೆ ವಿಚಾರಣೆ ಮುಗಿಸಿದ ಮೇಲೆ ಸಹಾಯಕರು ಅದನ್ನೇ ಮತ್ತೆ ಕೇಳುವುದು ನಮ್ಮಲ್ಲಿ ಪದ್ಧತಿಯಲ್ಲ. ಕೇಳಿ ಬೇರೆ ಉತ್ತರ ಬಂದರೆ ಅದನ್ನು ವೈದ್ಯೆಗೆ ಹೇಳುವುದು ಹೇಗೆ, ಹೇಳಿದರೆ ಉದ್ಧಟತನವಾಗುತ್ತದೆಯೇ ಎಂಬ ಅಳುಕು ಬೇರೆ. ಆದರೆ ಒಂದು ಸಂಗತಿ ನನ್ನನ್ನು ಕೊರೆಯುತ್ತಿತ್ತು. ಪ್ರಶ್ನೆಗಳಿಗೆ ಉತ್ತರಿಸಿದವರು ತಂದೆ. ಶಾಲೆ ಶುರುವಾದ ಮೇಲೆ ಬಟ್ಟಲು ತುಂಬುತ್ತಿದ್ದವರು ಈ ತಾಯಿ ಎಂಬುದು ತಂದೆಯ ಮಾತಿನ ಅಂಚಿನಲ್ಲಿ ಹಾದುಹೋಗಿತ್ತು. ತಾಯಿಯನ್ನು ಯಾರೂ ಏನೂ ಕೇಳಿರಲಿಲ್ಲ.

"ಆಂಟಿ, ಬೆಲ್ಲ ಕಾಳು ತಿನ್ನದೇ ಇದ್ದಾಗ ನೀವು ಬೇರೆ ಏನಾದ್ರೂ ಕೊಟ್ರಾ?"

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. "ಇವರಿಗೆ ಹೇಳಬ್ಯಾಡ್ರಿ. ಒಂದೀಟು ಹಾಲು, ಬಾಳಿಹಣ್ಣು. ನಿನ್ನಿ ಮೊಸರನ್ನ. ಮನ್ಯಾಗ ಒಂದು ಜೀವ ಉಪವಾಸ ಇದ್ರ ನನಗ ತುತ್ತು ಇಳಿಯೂದಿಲ್ರಿ."

ಹೊಟ್ಟೆಯ ಗಾಳಿಗೆ ಒಂದು ಕಾರಣ ಸಿಕ್ಕಿತು. ಫೆರೆಟ್ ಅಪ್ಪಟ ಮಾಂಸಾಹಾರಿ. ಹಾಲನ್ನಾಗಲಿ, ಹಣ್ಣಿನ ಸಿಹಿಯನ್ನಾಗಲಿ, ಅನ್ನವನ್ನಾಗಲಿ ಅರಗಿಸಿಕೊಳ್ಳುವ ಶಕ್ತಿ ಅದರ ಕರುಳಿಗಿಲ್ಲ. ಆದರೆ ಅದು ಕಾಳು ಬಿಟ್ಟದ್ದು ಮೊದಲು, ಮೊಸರನ್ನ ಬಂದದ್ದು ಆಮೇಲೆ. ಬಿಟ್ಟದ್ದೇಕೆ?

"ಕಾಳಿನ ಚೀಲ ಎಲ್ಲಿಟ್ಟಿದ್ದೀರಿ?"

"ಹೊರಗ ಇಟ್ಟೀನ್ರಿ."

ಇದೇ ಪ್ರಶ್ನೆಗೆ ತಂದೆ ಇಂಗ್ಲಿಷಿನಲ್ಲಿ 'ನಾವು ಸಸ್ಯಾಹಾರಿಗಳು, ಬೇರೆಯಾಗಿ ಇಟ್ಟಿದ್ದೇವೆ' ಎಂಬರ್ಥದ ಉತ್ತರ ಕೊಟ್ಟಿದ್ದರು, ವೈದ್ಯೆ ತಲೆಯಾಡಿಸಿದ್ದರು. ತಪ್ಪು ಉತ್ತರವೇನಲ್ಲ. ಆದರೆ ಮೊಟ್ಟೆಯೂ ಒಳಗೆ ಬಾರದ ಮನೆಯಲ್ಲಿ 'ಹೊರಗೆ' ಎಂಬುದು ಬರಿಯ ಮಾತಲ್ಲ, ಒಂದು ಜಾಗ. ಅದು ನನಗೆ ಗೊತ್ತು. ನಮ್ಮ ಅಜ್ಜಿ ಮಾಂಸ ಬಿಟ್ಟವಳು. ಉಳಿದ ನಾವೆಲ್ಲ ತಿನ್ನುವವರು. ಅದಕ್ಕೆಂದೇ ನಮ್ಮ ಹಿತ್ತಲಿನಲ್ಲಿ ಒಂದು ಒಲೆ, ಮಾಂಸದ ಅಡುಗೆಯದೆಂಬ ಗುರುತಿಗೆ ಕುತ್ತಿಗೆಯ ಸುತ್ತ ಸುಣ್ಣದ ಗೆರೆ ಎಳೆದ ಒಂದು ಮಡಕೆ ಇತ್ತು. ಆ ಮಡಕೆ ಹೊಸಿಲು ದಾಟುತ್ತಿರಲಿಲ್ಲ. 'ಹೊರಗಿದೆ' ಎಂದರೆ ಎಲ್ಲಿ ಹುಡುಕಬೇಕೆಂದು ಮನೆಯ ಮಕ್ಕಳಿಗೆಲ್ಲ ತಿಳಿದಿತ್ತು.

"ಹೊರಗೆ ಅಂದ್ರೆ ಎಲ್ಲಿ ಆಂಟಿ? ಯಾವ ಜಾಗ?"

"ಗ್ಯಾರೇಜಿನ್ಯಾಗ ರಿ. ಕೋಳಿ ಹಾಕ್ಯಾರಂತಲ್ಲ ಅದರಾಗ. ಮನಿಯೊಳಗ ಹ್ಯಾಂಗ ಇಡ್ಲಿ?"

ಬೇಸಿಗೆಯ ಟೆಕ್ಸಸ್‌ನಲ್ಲಿ ಮುಚ್ಚಿದ ಗ್ಯಾರೇಜು ಎಂದರೇನೆಂದು ಇಲ್ಲಿರುವವರಿಗೆ ಹೇಳಬೇಕಿಲ್ಲ. ಅಲ್ಲಿಟ್ಟ ಮೇಣದ ಬತ್ತಿ ಬಾಗುತ್ತದೆ. ಫೆರೆಟ್ ಆಹಾರದಲ್ಲಿ ಕೊಬ್ಬಿನಂಶ ಹೆಚ್ಚು. ಬಾಯಿ ತೆರೆದ ಚೀಲ ಅಷ್ಟು ವಾರ ಅಲ್ಲಿದ್ದರೆ ಅದರ ಕೊಬ್ಬು ಕೆಡದೆ ಇರುವುದಿಲ್ಲ.

"ವಾಸನೆ ಬರ್ತಿರಲಿಲ್ವಾ?"

"ಬರದ ಏನ್ರಿ! ಮೂಗು ಮುಚ್ಚಿಕೊಂಡ ಹಾಕ್ತಿದ್ದೆ. ಮಾಂಸ ಅಂದ್ರ ಹಂಗ ನಾರತದ ಅಂತ ತಿಳಕೊಂಡಿದ್ದೆ. ನಾ ಯಾವಾಗ ಮೂಸೀನ್ರಿ ಅದನ್ನ?"

ಮಗಳು ಮೂಗು ಒರೆಸಿಕೊಳ್ಳುತ್ತಾ, ಫೆರೆಟ್‌ಗಳ ಮೈಯೇ ವಾಸನೆಯೆಂದು ತನ್ನ ಗೆಳತಿಯರು ಹೇಳಿದ್ದರು, ಅದಕ್ಕೇ ತಾನೂ ಯೋಚಿಸಲಿಲ್ಲವೆಂದು ಇಂಗ್ಲಿಷಿನಲ್ಲಿ ಹೇಳಿದಳು.

ಮುಂದಿನ ವಾಕ್ಯವನ್ನು ಹೇಳುವುದು ನನಗೆ ಸುಲಭವಿರಲಿಲ್ಲ. ಅದನ್ನು ಹೇಳಿದರೆ ನನ್ನ ಮನೆಯ ಊಟವನ್ನೂ ಹೇಳಿದಂತೆ. "ಇಲ್ಲ ಆಂಟಿ. ಮಾಂಸ ಹಾಗೆ ನಾರಲ್ಲ. ನಮ್ಮನೇಲಿ ಮಾಡ್ತಾರೆ, ನಂಗೊತ್ತು."

ಅವರು ಕುರ್ಚಿ ಸರಿಸಿದರೆ ಸಹಿಸಿಕೊಳ್ಳಬೇಕೆಂದು ನಾನು ಸಿದ್ಧಳಾಗಿದ್ದೆ. ಅವರು ಕೇಳಿದ್ದು ಇಷ್ಟೇ: "ನಿಮ್ಮನ್ಯಾಗ ಎಲ್ಲಿ ಇಡ್ತಾರ?"

"ಹಿತ್ತಲಲ್ಲಿ. ಆದ್ರೆ ನೆರಳಲ್ಲಿ."

ನಾನು ವೈದ್ಯೆಯ ಬಳಿ ಹೋದೆ. ನಾಲ್ಕಾರು ಬಾರಿ ತಿದ್ದಿಕೊಂಡ ವಾಕ್ಯ ಬಾಗಿಲು ದಾಟುವಷ್ಟರಲ್ಲಿ ಚದುರಿಹೋಯಿತು. ನನಗೆ ಬೇಕಾಗಿದ್ದುದು 'ಕಮಟು' ಎಂಬ ಪದ. ಹಳೆಯ ಕೊಬ್ಬರಿ, ಹಳೆಯ ತುಪ್ಪ, ಹಳೆಯ ಎಣ್ಣೆಗೆ ನಮ್ಮಲ್ಲಿ ಮಕ್ಕಳೂ ಹೇಳುವ ಪದ. ಅದರ ಇಂಗ್ಲಿಷ್ ಪದವನ್ನು ಪಠ್ಯದಲ್ಲಿ ಎಷ್ಟೋ ಸಲ ಓದಿದ್ದೆ. ಆ ಹೊತ್ತಿಗೆ ಅದು ನಾಲಿಗೆಗೆ ಬರಲಿಲ್ಲ. "ಆಹಾರದ ಎಣ್ಣೆ ಮುದಿಯಾಗಿದೆ, ಗ್ಯಾರೇಜಿನಲ್ಲಿ" ಎಂಬಂಥದ್ದೇನನ್ನೋ ಹೇಳಿದೆ. ಜೊತೆಗೆ ಹಾಲು, ಹಣ್ಣು, ಅನ್ನದ ವಿಷಯವನ್ನೂ.

ವೈದ್ಯೆ ಪೆನ್ನು ಕೆಳಗಿಟ್ಟರು. ನನ್ನ ವಾಕ್ಯವನ್ನು ತಿದ್ದಲಿಲ್ಲ. "ಆ ಚೀಲ ತರಿಸು. ಹಾಗೆಯೇ ಇದು ವಸ್ತುಗಳನ್ನು ಬಚ್ಚಿಡುವ ಜಾಗವನ್ನು ಹುಡುಕಿಸು. ಆದರೆ ಸಂಜೆಗೆ ಆಪರೇಷನ್ ಕೋಣೆ ಸಿದ್ಧವಿರಲಿ," ಎಂದರು. ಅವರ ಎಚ್ಚರಿಕೆ ನ್ಯಾಯವೇ. ಚೀಲ ಕೆಟ್ಟಿದೆಯೆಂದ ಮಾತ್ರಕ್ಕೆ ರಬ್ಬರು ಹೊಟ್ಟೆಯಲ್ಲಿಲ್ಲವೆಂದು ಆಗುವುದಿಲ್ಲ.

ತಂದೆ ಮೆಕಿನ್ನಿಗೆ ಡ್ರೈವ್ ಮಾಡಿಕೊಂಡು ಹೋದರು. ತಾಯಿ, ಮಗಳು ಕ್ಲಿನಿಕ್ಕಿನಲ್ಲಿಯೇ ಉಳಿದರು. ಫೆರೆಟ್‌ಗಳು ಕದ್ದ ಸಾಮಾನನ್ನು ಒಂದೇ ಕಡೆ ಕೂಡಿಡುತ್ತವೆ. ಸೋಫಾದ ಹಿಂಭಾಗದ ಬಟ್ಟೆ ಹರಿದಿದೆಯೇ ನೋಡಿ ಎಂದು ನಾನು ಹೇಳಿ ಕಳಿಸಿದ್ದೆ. ಮಧ್ಯಾಹ್ನದ ಎಕ್ಸ್‌ರೇಗೆ ಸಿದ್ಧತೆ ನಡೆದಿದ್ದಾಗ ಅವರ ಫೋನು ಬಂತು. ತಾಯಿ ಸ್ಪೀಕರಿಗೆ ಹಾಕಿದರು.

"ಸಿಕ್ತು! ಸೋಫಾದೊಳಗ ಒಂದು ಅಂಗಡೀನ ತೆರದಾಳ ಈಕಿ!" ತಂದೆಯ ದನಿಯಲ್ಲಿ ಏದುಸಿರಿತ್ತು. "ನನ್ನ ಇಯರ್‌ಫೋನಿಂದು ಅದ, ಪೂರಾ ಅದ, ಹಲ್ಲಿನ ಗುರುತೂ ಇಲ್ಲ. ನಿನ್ನ ಹಣಿಗಿಡೂ ಟಿಕಲಿ ಪಾಕೀಟು, ನನ್ನ ಒಂದು ಸಾಕ್ಸು, ಟೀವಿ ರಿಮೋಟಿನ ಮುಚ್ಚಳಾ..."

"ಆ ಮುಚ್ಚಳಾ ನಾ ಕಳದೀನಿ ಅಂತ ತಿಂಗಳಾನಗಟ್ಟಲೆ ಬೈದ್ರಲ್ಲ ನನ್ನ!"

"ಅದನ್ನ ಮನಿಗೆ ಬಂದು ಮಾತಾಡೂಣಂತ."

ಮಗಳು ಅತ್ತ ಕಣ್ಣಿನಲ್ಲೇ ನಕ್ಕಳು. ಆ ದಿನ ಆ ಕೋಣೆಯಲ್ಲಿ ಕೇಳಿದ ಮೊದಲ ನಗು ಅದು.

ಎರಡನೆಯ ಎಕ್ಸ್‌ರೇಯಲ್ಲಿ ಗಾಳಿ ಹೊಟ್ಟೆಯಿಂದ ಕರುಳಿಗೆ ಸರಿದಿತ್ತು. ದಾರಿ ಮುಚ್ಚಿದ್ದರೆ ಹಾಗೆ ಸರಿಯುವುದಿಲ್ಲ. ಅಷ್ಟರಲ್ಲಿ ತಂದೆ ಚೀಲದೊಂದಿಗೆ ಬಂದರು. ವೈದ್ಯೆ ಬಾಯಿ ಬಿಚ್ಚಿ ಮೂಸಿ ಮುಖ ಹಿಂದಕ್ಕೆಳೆದುಕೊಂಡರು. ನನಗೆ ಬಾರದಿದ್ದ ಇಂಗ್ಲಿಷ್ ಪದವನ್ನು ಅವರೇ ಹೇಳಿದರು. ನಾನು ತಾಯಿಯ ಕಡೆ ನೋಡಿದೆ. ಅವರು ಸೆರಗಿನಂತೆ ಹೊದ್ದಿದ್ದ ದುಪಟ್ಟವನ್ನು ಮೂಗಿನಿಂದ ಸರಿಸಿ, ಜೀವನದಲ್ಲಿ ಮೊದಲ ಬಾರಿಗೆ ಬೇಕೆಂದೇ ಆ ಚೀಲಕ್ಕೆ ಬಗ್ಗಿದರು.

"ಅಯ್ಯ, ಕಮಟ ಆಗ್ಯದಲ್ಲ ಇದು! ಹಳೇ ಕೊಬ್ಬರಿ ಡಬ್ಬಿ ತೆರದಂಗ! ಇದನ್ನ ನನಗ ಕೊಟ್ಟಿದ್ರ ನಾನೂ ತಿಂತಿದ್ದಿಲ್ಲ."

ಆಪರೇಷನ್ ಬೇಡವಾಯಿತು. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ನಿಜವಾಗಿ ಕಷ್ಟವಾದದ್ದು ಆಮೇಲಿನದು. ಫೆರೆಟ್ ಮರಿಯಾಗಿದ್ದಾಗ ಕಲಿತ ವಾಸನೆಯನ್ನೇ ಊಟವೆಂದು ಬಗೆಯುತ್ತದೆ. ಬೆಲ್ಲಳ ಪಾಲಿಗೆ ಆ ವಾಸನೆಯೇ ವಾಕರಿಕೆಯಾಗಿ ಮಾರ್ಪಟ್ಟಿತ್ತು. ಅದೇ ಆಹಾರದ ಹೊಸ ಚೀಲವೊಡೆದು ಮುಂದಿಟ್ಟೆವು. ಮೂಸಿತು, ಬಾಯಿ ಕೆರೆದುಕೊಂಡಿತು, ಬೆನ್ನು ತಿರುಗಿಸಿತು. ನಾನು ಕೋಳಿಯ ಬೇರೊಂದು ತರಹದ ಕಾಳನ್ನು ಪುಡಿ ಮಾಡಿ, ಬಿಸಿನೀರಿನಲ್ಲಿ ನೆನೆಸಿ, ಗಂಜಿಯ ಹದಕ್ಕೆ ಕಲಸಿ ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿದೆ. ಇಲ್ಲಿ ಅವಸರ ಸಲ್ಲದು. ಪ್ರಾಣಿಯನ್ನು ಟವೆಲಿನಲ್ಲಿ ಸುತ್ತಿ, ತಲೆಯನ್ನು ಹಿಂದಕ್ಕೆ ಬಾಗಿಸದೆ, ಸಿರಿಂಜಿನ ತುದಿಯನ್ನು ಕೆನ್ನೆಯ ಬದಿಯಿಂದ ತೂರಿಸಿ ತೊಟ್ಟು ತೊಟ್ಟಾಗಿ ಬಿಡಬೇಕು. ನುಂಗಿದ ಮೇಲೆಯೇ ಮುಂದಿನ ತೊಟ್ಟು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಬೆಲ್ಲ ಮೊದಲಿನ ತೊಟ್ಟುಗಳನ್ನೆಲ್ಲ ನನ್ನ ಅಂಗಿಗೆ ಉಗಿಯಿತು. ಆ ಸಂಜೆ ರಾತ್ರಿ ಪಾಳಿಯವರಿಗೆ ಒಪ್ಪಿಸಿ ಹೊರಟಾಗ ಹೊಟ್ಟೆಗೆ ಹೋದದ್ದಕ್ಕಿಂತ ಬಟ್ಟೆಗೆ ಹೋದದ್ದೇ ಹೆಚ್ಚಾಗಿತ್ತು.

ಮರುದಿನ ಸಕ್ಕರೆಯ ಅಂಶ ಸುಧಾರಿಸಿತ್ತು. ತೂಕ ಮಾತ್ರ ಮತ್ತಷ್ಟು ಇಳಿದಿತ್ತು. ದ್ರವದಿಂದ ಜೀವ ನಿಲ್ಲುತ್ತದೆ, ಮೈ ತುಂಬುವುದಿಲ್ಲ. ತಾನಾಗಿ ತಿನ್ನದಿದ್ದರೆ ಯಕೃತ್ತು ಸೋಲುತ್ತದೆಂದು ವೈದ್ಯೆ ಎಚ್ಚರಿಸಿದರು. ಮಧ್ಯಾಹ್ನ ತಾಯಿ, ಮಗಳು ನೋಡಲು ಬಂದರು. ನನ್ನ ಸಿರಿಂಜಿನ ಸಾಹಸವನ್ನು ತಾಯಿ ಸ್ವಲ್ಪ ಹೊತ್ತು ನೋಡಿದರು.

"ಯವ್ವಾ, ಅದಕ್ಕ ಸಿಟ್ಟು ಬಂದದ. ಕೂಸಿಗೆ ಹಿಂಗ ತುರುಕಿದ್ರ ತಿಂತದೇನು? ತುಟಿಗೆ ಸವರ್ರಿ, ತಾನ ನೆಕ್ಕಲಿ."

ಪುಸ್ತಕದಲ್ಲಿಯೂ ಹಾಗೆಯೇ ಇದೆ; ನನ್ನ ಯೋಜನೆಯಲ್ಲಿ ಅದು ಮುಂದಿನ ಹೆಜ್ಜೆಯಾಗಿತ್ತು. ಆದರೂ "ಸರಿ ಆಂಟಿ" ಎಂದೆ. ಗಂಜಿಯನ್ನು ಮತ್ತೊಮ್ಮೆ ಬೆಚ್ಚಗೆ ಮಾಡಿ ಮಗಳ ಬೆರಳಿಗೆ ಹಚ್ಚಿದೆ. ಅವಳು ಬೆಲ್ಲಳ ಮೂಗಿನ ಕೆಳಗೆ ಒಂದು ತೊಟ್ಟು ಸವರಿದಳು. ಬೆಲ್ಲ ನಾಲಿಗೆ ಹೊರಚಾಚಿ ಮೂಗು ಒರೆಸಿಕೊಂಡಿತು; ನೆಕ್ಕುವ ಉದ್ದೇಶದಿಂದಲ್ಲ, ಕಿರಿಕಿರಿಗೆ. ಮತ್ತೊಂದು ತೊಟ್ಟು. ಮತ್ತೆ ಒರೆಸಿಕೊಂಡಿತು. ಮೂರನೆಯದಕ್ಕೆ ನಾಲಿಗೆ ತುಸು ತಡೆದು ನಿಂತಿತು. ಆಮೇಲೆ ಅದು ಮಗಳ ಬೆರಳನ್ನು ಎರಡು ಮುಂಗಾಲುಗಳಿಂದ ಹಿಡಿದುಕೊಂಡು, ಉಗುರಿನ ಸಂದಿಯವರೆಗೂ ನೆಕ್ಕತೊಡಗಿತು.

ನಾನು ಬೆರಳನ್ನು ಮೆಲ್ಲನೆ ಬಟ್ಟಲಿನ ಕಡೆ ಇಳಿಸಲು ಸನ್ನೆ ಮಾಡಿದೆ. ಬೆರಳಿನ ಹಿಂದೆಯೇ ಮೂಗು ಇಳಿಯಿತು. ಬಟ್ಟಲಿನಿಂದ ಚಪ್ ಚಪ್ ಸದ್ದು ಬರತೊಡಗಿದಾಗ ತಾಯಿ ಕಣ್ಣೊರೆಸಿಕೊಂಡು, "ಉಣ್ಣು ನನ ಬಂಗಾರ, ಕೋಳೀನರ ಉಣ್ಣು, ಏನರ ಉಣ್ಣು," ಎಂದರು. ತಾವು ಏನು ಹೇಳಿದೆವೆಂದು ಅರಿವಾಗಿ ಅವರೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಬೆಲ್ಲ ಇನ್ನೂ ಒಂದು ದಿನ ನಮ್ಮಲ್ಲಿಯೇ ಇತ್ತು. ಮಲದ ಬಣ್ಣ ತಿಳಿಯಾಯಿತು. ಗಂಜಿಗೆ ಸ್ವಲ್ಪ ಸ್ವಲ್ಪವೇ ಇಡೀ ಕಾಳು ಬೆರೆಸುತ್ತಾ ಬಂದೆ. ಮನೆಗೆ ಕಳಿಸುವಾಗ ವೈದ್ಯೆ ಹೇಳಿದ್ದನ್ನು ಕನ್ನಡದಲ್ಲಿ ಮತ್ತೊಮ್ಮೆ, ಈ ಬಾರಿ ತಾಯಿಗೇ ಹೇಳಿದೆ. ಚಿಕ್ಕ ಚೀಲ ಕೊಳ್ಳಬೇಕು. ಗಾಳಿಯಾಡದ ಡಬ್ಬಿಗೆ ಸುರಿದು ತಂಪಾದ ಕಡೆ ಇಡಬೇಕು. ಹಾಲು, ಹಣ್ಣು, ಅನ್ನ, ಬೆಲ್ಲ ಯಾವುದೂ ಬೇಡ. ಯಾವುದೇ ಹೊಸ ಆಹಾರವನ್ನು ಹಳೆಯದರೊಂದಿಗೆ ಬೆರೆಸಿ ನಿಧಾನವಾಗಿ ಬದಲಿಸಬೇಕು.

"ತಂಪಿನ ಕಡೆ ಅಂದ್ರ ಮನಿಯೊಳಗ," ಎಂದರು ತಾಯಿ.

"ಹೌದು ಆಂಟಿ."

ತಂದೆ ಛಾವಣಿ ನೋಡುತ್ತಾ ನಿಂತರು. ಈ ವಿಷಯದಲ್ಲಿ ತಲೆ ಹಾಕುವ ಉದ್ದೇಶ ಅವರಿಗಿರಲಿಲ್ಲ. ತಾಯಿ ಸ್ವಲ್ಪ ಹೊತ್ತು ಮನಸ್ಸಿನಲ್ಲಿಯೇ ಮನೆಯೆಲ್ಲ ಸುತ್ತಿ ಬಂದಂತೆ ಕಂಡಿತು.

"ಅಡಿಗಿಮನಿ ಹೊರಗ ಅಂದ್ರ ಸಾಕಲ್ಲ? ಗ್ಯಾರೇಜನ ಆಗಬೇಕಂತ ಯಾರ ಹೇಳ್ಯಾರ? ಮೆಟ್ಟಲ ಕೆಳಗಿನ ಕಪಾಟು ತಂಪದ. ಅಲ್ಲೇ ಇಡ್ತೀನಿ."

ನಾನು ತಲೆಯಾಡಿಸಿದೆ. ಸೂಚನೆಗಳ ಹಾಳೆಯಲ್ಲಿ 'ಮೆಟ್ಟಿಲ ಕೆಳಗಿನ ಕಪಾಟು' ಎಂದು ಬರೆದುಕೊಟ್ಟೆ.

ಮರುಪರೀಕ್ಷೆಗೆ ಬಂದ ದಿನ ಬೆಲ್ಲಳ ತೂಕ ಹಿಡಿಯಲು ಇಬ್ಬರು ಬೇಕಾದರು. ಅದು ತಕ್ಕಡಿಯಿಂದ ಇಳಿದು ನನ್ನ ಕೋಟಿನ ತೋಳಿನೊಳಗೆ ಹೊಕ್ಕು, ಮೊಣಕೈಯ ಬಳಿ ಸಿಕ್ಕಿಕೊಂಡಿತು. ಹೊರಗೆಳೆದು ಹಿಂಗತ್ತು ಹಿಡಿದು ಎತ್ತಿದರೆ ಬಾಯಿ ತುಂಬ ಆಕಳಿಸಿತು. ಒಸಡು ಗುಲಾಬಿ. ವೈದ್ಯೆ ತೃಪ್ತಿಯಿಂದ ತಲೆಯಾಡಿಸಿ, ಊಟವನ್ನು ಎಲ್ಲಿ ಇಡುತ್ತಿದ್ದೀರಿ ಎಂದು ಕೇಳಿದರು. ಕೇಳುವಾಗ ಅವರು ತಿರುಗಿದ್ದು ತಾಯಿಯ ಕಡೆಗೆ.

ತಾಯಿ ಉತ್ತರವಾಗಿ ಕೈಚೀಲದಿಂದ ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದರ ಮುಚ್ಚಳದ ಮೇಲೆ ಉಗುರಿನ ಬಣ್ಣದಿಂದ ಇಟ್ಟ ಕೆಂಪು ಚುಕ್ಕಿಯಿತ್ತು.

"ಚುಕ್ಕಿ ಇದ್ದದ್ದು ಬೆಲ್ಲಂದು; ಡಾಕ್ಟರ್‌ಗೆ ಮೂಸಲಿಕ್ಕೆ ತಂದೀನಿ. ಚುಕ್ಕಿ ಇಲ್ಲದ್ದು ನಿನಗ ಯವ್ವಾ, ಶೇಂಗಾ ಹೋಳಿಗಿ. ಅದಲಬದಲ ಮಾಡಿಗೀಡಿ ಮತ್ತ."

ಹಿತ್ತಲ ಮಡಕೆಯ ಸುಣ್ಣದ ಗೆರೆ ನೆನಪಾಯಿತು. ಅವರು ಹೋದ ಮೇಲೆ ಎರಡೂ ಮುಚ್ಚಳಗಳನ್ನು ತೆರೆದು ಒಂದೊಂದಾಗಿ ಮೂಸಿದೆ. ಒಂದರಲ್ಲಿ ಕೋಳಿ, ಇನ್ನೊಂದರಲ್ಲಿ ಹುರಿದ ಶೇಂಗಾ. ಎರಡರಲ್ಲೂ ಕಮಟಿರಲಿಲ್ಲ.